ಮಕ್ಕಳ ಆಸ್ಪತ್ರೆಯಲ್ಲಿ ಪೋಸ್ಟ್‌ಡಾಕ್: ಪಿಎಚ್‌ಡಿ ಆದಮೇಲೂ ಕಲಿಯುವುದು ಏನಿದೆ?

ಪ್ರಶ್ನೆ: ನಾನು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಂಟರ್ನ್‌ಶಿಪ್ ವರ್ಷ ನಡೆಯುತ್ತಿದೆ. ಮಕ್ಕಳ ಆಸ್ಪತ್ರೆಯೊಂದರಲ್ಲಿ ಪೋಸ್ಟ್‌ಡಾಕ್ ಮಾಡಿ ಅಂತ ನನ್ನ ಗೈಡ್ ಹೇಳುತ್ತಿದ್ದಾರೆ. ಇಷ್ಟು ವರ್ಷ ಓದಿದ ಮೇಲೂ ಇನ್ನೊಂದು ವರ್ಷ ಟ್ರೇನಿಯಾಗಿ ಇರಬೇಕಾ? ಅಲ್ಲಿ ಏನು ಕಲಿಸುತ್ತಾರೆ? ಯಾವ ಆಸ್ಪತ್ರೆ ಒಳ್ಳೆಯದು ಅಂತ ಹೇಗೆ ತಿಳಿಯುವುದು?

ಉತ್ತರ: ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಹೋಗಿ. ಮಕ್ಕಳ ಮನಸ್ಸಿನ ಬಗ್ಗೆ ಓದಿರುವುದು ಬೇರೆ, ಕಾಯಿಲೆ ಬಿದ್ದ ಮಗುವಿನ ಹಾಸಿಗೆ ಪಕ್ಕ ಕೂತು ಕೆಲಸ ಮಾಡುವುದು ಬೇರೆ. ಎರಡನೆಯದು ವಾರ್ಡಿನಲ್ಲಿ ಓಡಾಡದೆ ಬರುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಪೋಸ್ಟ್‌ಡಾಕ್ ಅಂದ ಕೂಡಲೇ ಲ್ಯಾಬು, ಪೇಪರು ನೆನಪಾಗುತ್ತವೆ, ಅಲ್ವಾ? ಇಲ್ಲಿ ಅದು ಹಾಗಲ್ಲ. ಸಂಶೋಧನೆಗೆ ಸ್ವಲ್ಪ ಸಮಯ ಸಿಗಬಹುದು, ಆದರೆ ದಿನದ ಬಹುಪಾಲು ಹೋಗುವುದು ಮಕ್ಕಳು ಮತ್ತು ಅವರ ಮನೆಯವರ ಜೊತೆಗೇ. ಕಾಯಿಲೆ ಬಿದ್ದ ಮಕ್ಕಳ ಜೊತೆ ಕೆಲಸ ಮಾಡುವ ಈ ಕ್ಷೇತ್ರಕ್ಕೆ ಪೀಡಿಯಾಟ್ರಿಕ್ ಸೈಕಾಲಜಿ ಅಂತ ಹೆಸರು, ಇದು ಅಷ್ಟೇನೂ ಹಳೆಯದಲ್ಲ. 1967ರಲ್ಲಿ ಲೋಗನ್ ರೈಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಲೇಖನ ಬರೆದು, ಮಕ್ಕಳ ವೈದ್ಯರ ಜೊತೆ ನಿಂತು ಕೆಲಸ ಮಾಡುವ ಮನಶ್ಶಾಸ್ತ್ರಜ್ಞರು ಹೇಗಿರಬೇಕು ಎಂದು ವಿವರಿಸಿದರು. ಮರುವರ್ಷವೇ ಇಂಥ ಮನಶ್ಶಾಸ್ತ್ರಜ್ಞರದೇ ಒಂದು ಸಂಘ ಹುಟ್ಟಿತು. ಈಗ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಅಂಗಾಂಗ ಕಸಿ, ಬಹುಕಾಲ ಕಾಡುವ ನೋವು, ಹೀಗೆ ಒಂದೊಂದು ವಿಭಾಗದಲ್ಲೂ ಇವರು ಬೇಕು.

ಏನು ಕಲಿಸುತ್ತಾರೆ ಅಂತ ಕೇಳಿದಿರಿ. ಒಂದು ಕೇಸು ಹೇಳುತ್ತೇನೆ. ಇಂಥದ್ದು ಮಕ್ಕಳ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಎಂಟು ವರ್ಷದ ಹುಡುಗಿ, ದಿನಾ ಮಾತ್ರೆ ನುಂಗಲೇಬೇಕು. ಬಾಯಿಗೆ ಹಾಕಿದರೆ ಓಕರಿಕೆ. ಮನೆಯಲ್ಲಿ ದಿನಾ ಗಲಾಟೆ, ಅಳು. ವೈದ್ಯರ ಚೀಟಿಯಲ್ಲಿ ‘ಮಗು ಸಹಕರಿಸುತ್ತಿಲ್ಲ’ ಅಂತ ಇರುತ್ತದೆ. ಹೊಸ ಟ್ರೇನಿ ಆದರೆ ಮಗುವಿನ ಆತಂಕದ ಬಗ್ಗೆ ಒಂದು ಗಂಟೆ ಮಾತಾಡಲು ಕೂರುತ್ತಾರೆ. ಪಳಗಿದವರು ಮೊದಲು ಗಂಟಲಲ್ಲಿ ಏನೂ ತೊಂದರೆ ಇಲ್ಲ ಅಂತ ವೈದ್ಯರಿಂದ ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಕೇಕಿನ ಮೇಲೆ ಉದುರಿಸುವ ಸಣ್ಣ ಸಕ್ಕರೆ ಕಾಳು ತರುತ್ತಾರೆ. ತಲೆ ನೇರ ಇಟ್ಟು, ಕಾಳನ್ನು ನಾಲಗೆ ಮೇಲಿಟ್ಟು, ಒಂದು ಗುಟುಕು ನೀರು. ಕಾಳು ಒಳಗೆ ಹೋಯಿತಾ? ಶಭಾಷ್! ಇನ್ನು ಅದಕ್ಕಿಂತ ಚೂರು ದೊಡ್ಡದು. ಎಡವಿದರೆ ಬೈಗುಳ ಇಲ್ಲ, ಹಿಂದಿನ ಸೈಜಿಗೆ ವಾಪಸ್. ಗೆದ್ದ ಸೈಜಿನಲ್ಲೇ ಆ ದಿನದ ಅಭ್ಯಾಸ ಮುಗಿಸುತ್ತಾರೆ. ಪಕ್ಕದಲ್ಲಿ ಕೂತ ಅಮ್ಮನಿಗೂ ಅದೇ ಪಾಠ, ಯಾಕೆಂದರೆ ನಾಳೆಯಿಂದ ಮನೆಯಲ್ಲಿ ಮಾಡಿಸಬೇಕಾದವರು ಅವರು.

ಇದರ ಹಿಂದಿನ ತತ್ವ ನಿಮಗೆ ಮೊದಲ ವರ್ಷವೇ ಗೊತ್ತಿತ್ತು. ಆದರೆ ನಡುವೆ ನರ್ಸ್ ಬಂದು ಬಿಪಿ ನೋಡುತ್ತಾರೆ, ಸ್ಕ್ಯಾನಿಗೆ ಕರೆಯುತ್ತಾರೆ, ನಿಮಗೆ ಸಿಗುವುದು ಇಪ್ಪತ್ತು ನಿಮಿಷ. ಅಷ್ಟರಲ್ಲೇ ಉಪಯೋಗ ಆಗುವಂಥದ್ದು ಮಾಡುವುದನ್ನು ಪೋಸ್ಟ್‌ಡಾಕ್ ಕಲಿಸುತ್ತದೆ. ಬರೆಯುವುದನ್ನೂ ಹೊಸದಾಗಿ ಕಲಿಯುತ್ತೀರಿ. ವೈದ್ಯರಿಗೆ ನಾಲ್ಕು ಪುಟದ ವರದಿ ಓದಲು ಬಿಡುವಿಲ್ಲ. ಮಗುವಿಗೆ ಇವತ್ತು ಏನು ಮಾಡಬೇಕು ಅನ್ನುವುದು ನಿಮ್ಮ ನೋಟ್‌ನ ಮೊದಲ ಸಾಲಿನಲ್ಲೇ ಇರಬೇಕು.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಾರಗಟ್ಟಲೆ ನೀವು ಮಾತಾಡಿಸಿದ ಮಗು ತೀರಿಕೊಳ್ಳಬಹುದು. ಆ ಮಧ್ಯಾಹ್ನವೇ ಇನ್ನೊಂದು ಕೋಣೆಯ ಬಾಗಿಲು ತಟ್ಟಬೇಕಾಗುತ್ತದೆ. ಆ ದಿನ ನಿಮ್ಮ ಜೊತೆ ಕೂರುವ ಹಿರಿಯರೊಬ್ಬರು ಇದ್ದಾರಾ, ಇಲ್ಲವಾ ಅನ್ನುವುದು ನಿಮ್ಮ ಇಡೀ ವರ್ಷವನ್ನೇ ಬದಲಿಸುತ್ತದೆ.

ಅದಕ್ಕೇ ಆಸ್ಪತ್ರೆ ಆರಿಸುವಾಗ ಹೆಸರು ನೋಡಬೇಡಿ, ಮೇಲ್ವಿಚಾರಣೆ ನೋಡಿ ಅಂತೀನಿ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆ ಇರುವ ಕಡೆ ವಾರಕ್ಕೆ ಕನಿಷ್ಠ 2 ಗಂಟೆ ಒಬ್ಬೊಬ್ಬರಿಗೇ ಕೂತು ಮೇಲ್ವಿಚಾರಣೆ ಕೊಡಬೇಕು. ಕಾಗದದ ಮೇಲೆ ಎಲ್ಲ ಕಡೆ ಇದು ಇರುತ್ತದೆ. ಸಂದರ್ಶನದಲ್ಲಿ ಈಗಿನ ಫೆಲೋ, ಅಂದರೆ ಈಗ ಅಲ್ಲಿ ಪೋಸ್ಟ್‌ಡಾಕ್ ಮಾಡುತ್ತಿರುವವರ ಜೊತೆ ಮಾತಾಡಲು ಅವಕಾಶ ಕೇಳಿ. ‘ಹೋದ ವಾರ ಮೇಲ್ವಿಚಾರಕರು ನಿಮ್ಮ ಜೊತೆ ಮಗುವಿನ ಕೋಣೆಗೆ ಬಂದಿದ್ದರಾ?’ ಅಂತ ವಿಚಾರಿಸಿ. ಸುಮ್ನೆ ‘ಎಲ್ಲ ಚೆನ್ನಾಗಿದೆ’ ಅನ್ನುವ ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಿ. ನೋಡದೆ ಯಾರೂ ತಿದ್ದಲಾರರು.

ಅವಧಿ ಸಾಮಾನ್ಯವಾಗಿ ಒಂದು ವರ್ಷ, ಕೆಲವು ಕಡೆ ಎರಡು. ಮಿದುಳಿಗೆ ಪೆಟ್ಟಾದ ಅಥವಾ ಅಪಸ್ಮಾರ ಇರುವ ಮಕ್ಕಳ ಪರೀಕ್ಷೆ ಮಾಡುವ ನ್ಯೂರೋಸೈಕಾಲಜಿ ನಿಮ್ಮ ಆಸೆಯಾದರೆ ಎರಡು ವರ್ಷವೇ ಬೇಕು. ನ್ಯೂರೋಸೈಕಾಲಜಿ ತರಬೇತಿಯ ಬಗ್ಗೆ 1997ರಲ್ಲಿ ನಡೆದ ಹ್ಯೂಸ್ಟನ್ ಸಮ್ಮೇಳನ ಹಾಕಿಕೊಟ್ಟ ದಾರಿ ಅದು.

ಸ್ವತಂತ್ರವಾಗಿ ಕೆಲಸ ಮಾಡಲು ಬೇಕಾದ ಲೈಸೆನ್ಸ್ ವಿಷಯ ರಾಜ್ಯಕ್ಕೊಂದು ರೀತಿ. ಹಲವು ರಾಜ್ಯಗಳು ಪದವಿ ಬಂದ ಮೇಲೆ 1,500ರಿಂದ 2,000 ಗಂಟೆ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ ಕೇಳುತ್ತವೆ. ಕೆಲವಕ್ಕೆ ಪದವಿಗೆ ಮುಂಚಿನ ಗಂಟೆಗಳೇ ಸಾಕು. ಮುಂದೆ ಎಲ್ಲಿ ನೆಲೆಸುತ್ತೀರೋ ಆ ರಾಜ್ಯದ ಮಂಡಳಿಯ ನಿಯಮವನ್ನು ಈಗಲೇ ಓದಿ. ಗಂಟೆಗಳ ಲೆಕ್ಕಕ್ಕೆ ಆಗಾಗ ಸಹಿ ಹಾಕಿಸಿಟ್ಟುಕೊಳ್ಳಿ. ಮೇಲ್ವಿಚಾರಕರು ಕೆಲಸ ಬಿಟ್ಟು ಹೋದಮೇಲೆ ಅವರನ್ನು ಹುಡುಕಿ ಸಹಿ ತರುವುದು ಬಹಳ ಕಷ್ಟ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ತುರ್ತಾದದ್ದು ವೀಸಾ. ಪದವಿಯ ನಂತರ ಕೆಲಸ ಮಾಡಲು ಒಪಿಟಿ ಅಂತ 12 ತಿಂಗಳ ಅವಕಾಶ ಇದೆ. ಆದರೆ ಇಂಟರ್ನ್‌ಶಿಪ್ಪಿಗೆ ಪೂರ್ತಿ ಸಮಯದ ಸಿಪಿಟಿಯನ್ನು, ಅಂದರೆ ಓದಿನ ಭಾಗವಾಗಿಯೇ ಕೆಲಸ ಮಾಡಲು ಕೊಡುವ ಅನುಮತಿಯನ್ನು, 12 ತಿಂಗಳು ಅಥವಾ ಜಾಸ್ತಿ ಬಳಸಿದರೆ ಆ ಅವಕಾಶ ಹೋಗುತ್ತದೆ. ನಿಮ್ಮ ಇಂಟರ್ನ್‌ಶಿಪ್ ಯಾವ ಅನುಮತಿಯ ಮೇಲೆ, ಯಾವ ದಿನದವರೆಗೆ ಇದೆ ಅಂತ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಈ ವಾರವೇ ಕೇಳಿ. ಅಲ್ಲಿ ಉತ್ತರ ಸಿಕ್ಕ ಮೇಲೆ ಅರ್ಜಿ ಬರೆಯಲು ಕೂರಿ.