ಅಪ್ಪನ ಮಾರುತಿಗೆ ತುಕ್ಕು: ಪುಟ್ಟಿ ಸಾಕಾ, ತಗಡು ಬೇಕಾ?

ಪ್ರಶ್ನೆ: ನಮ್ಮ ಮನೆ ಮರವಂತೆ ಹತ್ತಿರ, ಕಡಲಿಗೆ ಕೂಗಳತೆ ದೂರ. ಅಪ್ಪ ತೆಗೆದುಕೊಂಡಿದ್ದ 1998ರ ಬಿಳಿ ಮಾರುತಿ 800 ಇದೆ. ಎಂಜಿನ್ ಚೆನ್ನಾಗಿದೆ. ಆದರೆ ಡ್ರೈವರ್ ಬಾಗಿಲಿನ ತಳದಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ರನ್ನಿಂಗ್ ಬೋರ್ಡ್ ಒತ್ತಿದರೆ ಬೆರಳೇ ಒಳಗೆ ಹೋಗುತ್ತದೆ. ಒಂದು ಗ್ಯಾರೇಜಿನವರು ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಕೊಯ್ದು ಹೊಸ ತಗಡು ಕೂರಿಸಬೇಕು ಅನ್ನುತ್ತಾರೆ, ಖರ್ಚು ಮೂರು ಪಟ್ಟು. ಯಾರ ಮಾತು ಕೇಳಲಿ?
- ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಎರಡನೆಯವರ ಮಾತು ಕೇಳಿ. ಮೂವತ್ತು ವರ್ಷದಿಂದ ಕರಾವಳಿಯಲ್ಲೇ ಟಿಂಕರಿಂಗ್ ಕೆಲಸ ಮಾಡುತ್ತಿದ್ದೇನೆ. ಬೆರಳು ಒಳಗೆ ಹೋಗುವ ಜಾಗಕ್ಕೆ ಪುಟ್ಟಿ ಮದ್ದಲ್ಲ.

ಮಾರುತಿ 800ಕ್ಕೆ ಜೀಪಿನ ಹಾಗೆ ಕೆಳಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿಸ್, ಇಲ್ಲ. ಬಾಡಿಯೇ ಚಾಸಿಸ್. ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್ ಇದೆಯಲ್ಲ, ಅದು ಒಳಗೆ ಟೊಳ್ಳಾದ ಪೆಟ್ಟಿಗೆ. ಗಾಡಿಯ ಭಾರ ಹೊರುವುದರಲ್ಲಿ ಅದರ ಪಾಲು ದೊಡ್ಡದು. ಜಾಕ್ ಕೊಡುವುದೂ ಅದರ ಅಂಚಿಗೇ. ಅಲ್ಲಿ ಪುಟ್ಟಿ ಮೆತ್ತಿದರೆ ನೋಡುವುದಕ್ಕೆ ಚೆಂದ, ಆದರೆ ಟೈರ್ ಬದಲಿಸುವ ದಿನ ಜಾಕ್ ಒಳಗೇ ನುಗ್ಗುತ್ತದೆ.

ಕೆಲಸ ಕಲಿತ ಹೊಸದರಲ್ಲಿ ನಾನೂ ಒಂದು ಬಾಗಿಲಿಗೆ ಹೀಗೇ ಮಾಡಿದ್ದೆ. ತೂತಿಗೆ ಪೇಪರ್ ತುರುಕಿ ಮೇಲೆ ಪುಟ್ಟಿ ಎಳೆದೆ. ಒಂದೇ ಮಳೆಗಾಲ. ದೀಪಾವಳಿ ಹೊತ್ತಿಗೆ ಗಾಡಿ ವಾಪಸ್ ಬಂತು. ಉಗುರಲ್ಲಿ ಎಬ್ಬಿದರೆ ಅಂಗೈಯಗಲದ ಪುಟ್ಟಿ ಹಪ್ಪಳದ ಹಾಗೆ ಕೈಗೆ ಬಂತು. ಹಿಂದೆ ಒದ್ದೆ ಪೇಪರ್, ಅದರ ಹಿಂದೆ ಕೆಂಪು ಪುಡಿ. ಮೊದಲು ಎರಡು ಇಂಚಿದ್ದ ತೂತು ಒಂದು ಗೇಣಾಗಿತ್ತು. ಪುಟ್ಟಿ ನೀರು ಹೀರಿಕೊಳ್ಳುತ್ತದೆ, ಹೀರಿದ್ದನ್ನು ಕಬ್ಬಿಣಕ್ಕೆ ತಾಗಿಸಿ ಇಟ್ಟುಕೊಳ್ಳುತ್ತದೆ. ಆ ಮಾಲೀಕರಿಗೆ ದುಡ್ಡು ತೆಗೆದುಕೊಳ್ಳದೆ ತಗಡು ಹಾಕಿ ಕೊಟ್ಟೆ. ಆಮೇಲೆ ಯಾವತ್ತೂ ಆ ಕೆಲಸ ಮಾಡಿಲ್ಲ.

ಬಾಗಿಲಿನ ತಳದಲ್ಲಿ ಗುಳ್ಳೆ ಎದ್ದಿದೆ ಅಂದರೆ ತುಕ್ಕು ಹೆಚ್ಚಾಗಿ ಒಳಗಿನಿಂದ ಬಂದದ್ದು. ಗ್ಲಾಸಿನ ಪಕ್ಕದ ರಬ್ಬರಿನಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ಎಲೆ, ಮಣ್ಣು ಸೇರಿ ಅವು ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ನಿಮ್ಮಲ್ಲಿ ಉಪ್ಪುಗಾಳಿ ಬೇರೆ. ಉಪ್ಪು ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಒಳಗೆ ಒಣಗುವುದೇ ಇಲ್ಲ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಅದು ಉಬ್ಬಿ ಪೇಂಟನ್ನು ಮೇಲೆತ್ತಿದಾಗಲೇ ನಮ್ಮ ಕಣ್ಣಿಗೆ ಬೀಳುವುದು.

ಗ್ಯಾರೇಜಿಗೆ ಕೊಡುವ ಮೊದಲು ನೀವೇ ಒಮ್ಮೆ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ರನ್ನಿಂಗ್ ಬೋರ್ಡ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದ ತಗಡು ದಬ್ ಅನ್ನುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಹಿಂದೆ ಯಾರೋ ದಪ್ಪಗೆ ಪುಟ್ಟಿ ಹಾಕಿದ್ದಾರೆ. ಕಾಲಡಿಯ ಮ್ಯಾಟ್ ಎತ್ತಿ ಫ್ಲೋರ್ ನೋಡಿ, ಬ್ಯಾಟರಿ ಕೂರುವ ತಟ್ಟೆಯ ಅಡಿ ನೋಡಿ. ಮುಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗವಂತೂ ಬಿಡಲೇಬೇಡಿ. ಅಲ್ಲೂ ದೊಡ್ಡದಾಗಿ ತಿಂದಿದ್ದರೆ ಖರ್ಚು ಮಾಡುವ ಮುಂಚೆ ಎರಡು ಸಲ ಯೋಚಿಸಿ.

ಕೆಲಸ ಕೊಡುವಾಗ ಈ ಮಾತುಗಳನ್ನು ಹೇಳಿ. ಹೊಳೆಯುವ ಗಟ್ಟಿ ಕಬ್ಬಿಣ ಸಿಗುವವರೆಗೂ ಕೊಯ್ಯಬೇಕು. ತುಕ್ಕಿನ ಮೇಲೇ ತಗಡು ಅಂಟಿಸಿದರೆ ವೆಲ್ಡಿಂಗ್ ನಿಲ್ಲುವುದಿಲ್ಲ. 20 ಗೇಜ್ ದಪ್ಪದ ಸಿಆರ್ ಶೀಟ್, ಅಂದರೆ ಸತುವಿನ ಲೇಪವಿಲ್ಲದ ಸಾದಾ ಉಕ್ಕಿನ ತಗಡು, ಸಾಕು. ಸತು ಲೇಪಿಸಿದ ಜಿಐ ತಗಡು ಬೇಡ, ಅದರ ಸತುವಿನ ಹೊಗೆ ಕುಡಿದರೆ ವೆಲ್ಡಿಂಗ್ ಮಾಡುವ ಹುಡುಗನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಕೊಯ್ಯಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಬಾಡಿ ಜಗ್ಗಿ ಬಾಗಿಲು ಕೂರುವುದಿಲ್ಲ. ವೆಲ್ಡಿಂಗ್ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಕೊಟ್ಟು ತಣಿಯಲು ಬಿಡಬೇಕು. ಒಂದೇ ಸಮ ಎಳೆದರೆ ತಗಡು ಸೊಟ್ಟಗಾಗುತ್ತದೆ. ಬ್ಯಾಟರಿ ವೈರ್ ಕಳಚಿ, ಸೀಟು, ಕಾರ್ಪೆಟ್ ಹೊರಗಿಟ್ಟು, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ.

ತಿಕ್ಕಿ ಬಿಳಿ ಮಾಡಿದ ಕಬ್ಬಿಣಕ್ಕೆ ಅವತ್ತೇ ಎಪಾಕ್ಸಿ ಪ್ರೈಮರ್, ಅಂದರೆ ತುಕ್ಕು ತಡೆಯುವ ಮೊದಲ ಕೋಟ್, ಬೀಳಬೇಕು. ನಮ್ಮ ಕಡೆ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಪುಟ್ಟಿ ಆಮೇಲೆ, ತೆಳ್ಳಗೆ, ಅಂಕುಡೊಂಕು ಸರಿಮಾಡಲು ಮಾತ್ರ. ಬಣ್ಣ ಬಿಳಿಯೇ ಇರಲಿ. ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು.

ಪೂರ್ತಿ ಮಾಡಿಸಲು ಈ ವರ್ಷ ದುಡ್ಡು ಸಾಲದಿದ್ದರೆ ರನ್ನಿಂಗ್ ಬೋರ್ಡ್ ಮಾತ್ರ ಸರಿಯಾಗಿ ಮಾಡಿಸಿ. ಬಾಗಿಲಿನ ಅಂದ ಮುಂದಿನ ವರ್ಷಕ್ಕೂ ಕಾಯುತ್ತದೆ.

ಪ್ರಶ್ನೆ: ತುಕ್ಕಿಗೆ ಹಚ್ಚುವ ದ್ರಾವಣ, ರಸ್ಟ್ ಕನ್ವರ್ಟರ್, ಸಿಗುತ್ತದಲ್ಲ. ಅದನ್ನೇ ಬಳಿದರೆ ವೆಲ್ಡಿಂಗ್ ತಪ್ಪುತ್ತದಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೇಲ್ಮೇಲಿನ ತುಕ್ಕಿಗೆ ಒಳ್ಳೆಯದು. ವೈರ್ ಬ್ರಶ್ಶಿನಿಂದ ಸಡಿಲ ಪುಡಿಯೆಲ್ಲ ತೆಗೆದು ಹಚ್ಚಿ, ಕಪ್ಪಗಾಗಿ ಒಣಗಿದ ಮೇಲೆ ಪ್ರೈಮರ್ ಕೊಡಿ. ಆದರೆ ತೂತು ಬಿದ್ದಲ್ಲಿ ಅದು ತಗಡು ತಂದು ಕೂರಿಸುವುದಿಲ್ಲ, ಅಲ್ವಾ? ಕೆಲಸ ಮಳೆ ಪೂರ್ತಿ ಬಿಟ್ಟ ಮೇಲೆ, ಡಿಸೆಂಬರಿನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ. ಜೂನ್ ಬರುವ ಮೊದಲು ತೆಂಗಿನ ಕಡ್ಡಿಯೊಂದನ್ನು ಬಾಗಿಲಿನ ತಳದ ತೂತುಗಳಿಗೆಲ್ಲ ಹಾಕಿ ತೆಗೆಯಿರಿ.