ಯಾರು ಉಳಿದಿದ್ದಾರೆ ಅಂತ ಕೇಳಿ

ಮಂಡ್ಯದ ಸೋದರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನೀವು ಬಿ.ಕಾಂ. ಓದಿ ಐದು ವರ್ಷ ಅಕೌಂಟ್ಸ್ ಕೆಲಸ ಮಾಡಿದವರು. ಹೆರಿಗೆಗೆಂದು ಕೆಲಸ ಬಿಟ್ಟಿರಿ. ಮಗುವಿಗೆ ಈಗ ಎರಡು ವರ್ಷ. ನೀವು ಮುಸ್ಲಿಂ, ತಲೆಗೆ ವಸ್ತ್ರ ಹಾಕುತ್ತೀರಿ. ಒಂದು ಇಂಟರ್‌ವ್ಯೂನಲ್ಲಿ ‘ಎರಡನೇ ಮಗು ಯಾವಾಗ?’ ಎಂದು ಕೇಳಿದರು. ಇನ್ನೊಂದು ಕಡೆ ‘ಕ್ಲೈಂಟ್‌ಗಳು ಬರ್ತಾರೆ, ಇದನ್ನ ತೆಗೆದು ಕೂರೋಕೆ ಆಗುತ್ತಾ? ನಾವೇನೋ ಮೆರಿಟ್ ಮಾತ್ರ ನೋಡ್ತೀವಿ’ ಎಂದರು. ಅದೇ ಕಂಪನಿಯ ವೆಬ್‌ಸೈಟ್ ತುಂಬ ವೈವಿಧ್ಯದ ಮಾತು. ಈಗ ನಿಮ್ಮ ಮುಂದೆ ಎರಡು ದಾರಿ ಇವೆ: ಮೈಸೂರಿನ ಹೆಬ್ಬಾಳದಲ್ಲಿ ಒಂದು ದೊಡ್ಡ ಕಂಪನಿ, ಮಂಡ್ಯದಲ್ಲೇ ಎಂಟು ಜನರ ಒಂದು ಆಡಿಟರ್ ಆಫೀಸು. ‘ನಮ್ಮಂಥವರು ನಿಜವಾಗಿ ಬೇಕು ಅನ್ನುವ ಜಾಗ ಯಾವುದು ಅಂತ ಸೇರುವ ಮುಂಚೆ ತಿಳಿಯೋದು ಹೇಗೆ?’ ಎಂದು ಕೇಳಿದ್ದೀರಿ.

ಆ ಎರಡು ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡಲಿಲ್ಲ ಎಂದು ನೀವು ಕೊರಗಿದ್ದೀರಿ. ದಯವಿಟ್ಟು ಕೊರಗಬೇಡಿ. ಅವು ಕೇಳಬಾರದ ಪ್ರಶ್ನೆಗಳು. ನಾಚಬೇಕಾದವರು ಕೇಳಿದವರು.

ಹೆಣ್ಣುಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಕಷ್ಟವೇನಲ್ಲ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸ್‌ಗಳನ್ನೇ ನೋಡಿ. ಹೊಲಿಗೆ ಮಿಷನ್ ಮುಂದೆ ಕೂತವರು ಬಹುತೇಕ ಹೆಂಗಸರೇ. ಬರೀ ತಲೆ ಎಣಿಸಿದರೆ ಇವಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಬೇಕಾಗುತ್ತದೆ. ಆದರೆ ಗಂಟೆಗೆ ಇಷ್ಟು ಪೀಸ್ ಆಗಬೇಕು ಎಂದು ನಿಂತು ಕೂಗುವವರು ಯಾರು? ಫ್ಲೋರ್ ಇನ್‌ಚಾರ್ಜ್ ಯಾರು? ಮಿಷನ್ ಮುಂದೆ ಕೂತ ಹೆಂಗಸು ಹತ್ತು ವರ್ಷ ಕಳೆದ ಮೇಲೂ ಅದೇ ಮಿಷನ್ ಮುಂದೆ ಕೂತಿದ್ದಾಳಾ, ಇಲ್ಲ ಸೂಪರ್‌ವೈಸರ್ ಆಗಿದ್ದಾಳಾ? ನಾನು ನೋಡುವುದು ಅದನ್ನು. ಯಾವ ಕಂಪನಿಯಾದರೂ ಸರಿ, ಎಷ್ಟು ಜನ ಸೇರಿದರು ಎಂದು ಕೇಳಿ ಸುಮ್ಮನಾಗಬೇಡಿ. ಯಾರು ಉಳಿದಿದ್ದಾರೆ, ಉಳಿದವರು ಎಲ್ಲಿಗೆ ಏರಿದ್ದಾರೆ ಎಂದು ಕೇಳಿ.

ಇದನ್ನು ತಿಳಿಯಲು ವೆಬ್‌ಸೈಟ್ ಸಾಲದು. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಎಲ್ಲೇ ಇರಲಿ, ಶಿಫ್ಟ್ ಬಿಡುವ ಹೊತ್ತಿಗೆ ಆ ಕಂಪನಿಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಒಂದರ್ಧ ಗಂಟೆ ಕೂತುಕೊಳ್ಳಿ. ಯಾರ್ಯಾರು ಹೊರಗೆ ಬರುತ್ತಾರೆ ನೋಡಿ. ಕೊರಳಿನ ಟ್ಯಾಗ್ ನೋಡಿ. ಎಷ್ಟೋ ಕಡೆ ಪರ್ಮನೆಂಟ್‌ನವರಿಗೆ ಒಂದು ಬಣ್ಣ, ಕಾಂಟ್ರ್ಯಾಕ್ಟ್‌ನವರಿಗೆ ಇನ್ನೊಂದು ಬಣ್ಣ ಇರುತ್ತದೆ. ಹೆಂಗಸರೆಲ್ಲ ಒಂದೇ ಬಣ್ಣದವರಾದರೆ ನಿಮಗೆ ಅರ್ಥವಾಗುತ್ತದೆ. ನಲವತ್ತು ದಾಟಿದ ಹೆಂಗಸರು ಕಾಣುತ್ತಾರಾ? ತಲೆಗೆ ವಸ್ತ್ರ ಹಾಕಿದವರು? ಕೋಲು ಹಿಡಿದು ನಡೆಯುವವರು? ಬಸ್ಸಿಗೆ ಕಾಯುತ್ತಿರುವ ಯಾರನ್ನಾದರೂ ಮಾತಾಡಿಸಿ. ‘ಅಕ್ಕ, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಾ? ಮಗು ಆದ್ಮೇಲೆ ಅದೇ ಕೆಲಸ ವಾಪಸ್ ಕೊಟ್ರಾ?’ ಇಷ್ಟು ಕೇಳಿದರೆ ಸಾಕು, ನಮ್ಮ ಕಡೆ ಜನ ಮನಸ್ಸು ಬಿಚ್ಚಿ ಹೇಳುತ್ತಾರೆ.

ದೊಡ್ಡ ಕಂಪನಿಯಾದರೆ ಇನ್ನೊಂದು ದಾರಿಯೂ ಇದೆ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1000 ಕಂಪನಿಗಳು ಪ್ರತಿವರ್ಷ ತಮ್ಮ ಸಾಮಾಜಿಕ ಹೊಣೆಯ ಲೆಕ್ಕವನ್ನೂ ಕೊಡಬೇಕು ಎಂದು ಷೇರುಪೇಟೆಯ ಮೇಲೆ ಕಣ್ಣಿಡುವ ಸಂಸ್ಥೆಯಾದ ಸೆಬಿ ನಿಯಮ ಮಾಡಿದೆ. ವಾರ್ಷಿಕ ವರದಿಯಲ್ಲಿ ಅದು ಸಿಗುತ್ತದೆ. ಮೈಸೂರು, ನಂಜನಗೂಡು ಕಡೆ ನೆಲೆ ಇರುವ ಇನ್ಫೋಸಿಸ್, ಟಿವಿಎಸ್ ಮೋಟಾರ್, ನೆಸ್ಲೆ ಇಂಡಿಯಾ ಎಲ್ಲವೂ ಕೊಡುತ್ತವೆ. ಹೆಂಗಸರು ಎಷ್ಟು, ಅಂಗವಿಕಲರು ಎಷ್ಟು, ಗಂಡಸರ ಸಂಬಳ ಹೆಂಗಸರ ಸಂಬಳ ಹೇಗಿದೆ, ಕೆಲಸ ಬಿಟ್ಟವರು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ನಿಮಗೆ ಮುಖ್ಯವಾದದ್ದು ಹೆರಿಗೆ ರಜೆಯ ಸಾಲು. ರಜೆ ಮುಗಿಸಿ ವಾಪಸ್ ಬಂದವರು ಎಷ್ಟು, ಬಂದಮೇಲೆ ಒಂದು ವರ್ಷ ಉಳಿದವರು ಎಷ್ಟು ಎಂದು ಶೇಕಡಾವಾರು ಕೊಟ್ಟಿರುತ್ತಾರೆ. ನೀವು ಲೆಕ್ಕದವರು, ಆ ಪುಟ ನಿಮಗೆ ನೀರು ಕುಡಿದಷ್ಟು ಸಲೀಸು. ಲೈಂಗಿಕ ಕಿರುಕುಳದ ದೂರು ಎಷ್ಟು ಬಂದವು ಎಂದೂ ಬರೆದಿರುತ್ತಾರೆ. ಸಾವಿರಾರು ಹೆಂಗಸರಿರುವ ಕಡೆ ವರ್ಷಗಟ್ಟಲೆ ಸೊನ್ನೆ ಎಂದಿದ್ದರೆ ನನಗೆ ಖುಷಿಯಾಗುವುದಿಲ್ಲ. ಅಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲವೇನೋ ಎಂಬ ಅನುಮಾನವೇ ಜಾಸ್ತಿ.

ಆ ದೂರು ಕೇಳುವ ಸಮಿತಿಯನ್ನೂ ನೋಡಿ. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಹೊರಗಿನವರು ಒಬ್ಬರು. ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಇಂಟರ್‌ವ್ಯೂಗೆ ಹೋದಾಗ ರಿಸೆಪ್ಷನ್‌ನಲ್ಲಿ ಕಾಯಿಸುತ್ತಾರಲ್ಲ, ಆಗ ನೋಟಿಸ್ ಬೋರ್ಡ್ ಓದಿ. ಹೆಸರು, ಫೋನ್ ನಂಬರ್ ಇದ್ದರೆ ಒಳಗೆ ಮಾತಾಡುವಾಗ ಸಹಜವಾಗಿ ಕೇಳಿ: ‘ಈ ಮೇಡಂ ಈಗ ಯಾವ ವಿಭಾಗದಲ್ಲಿದ್ದಾರೆ?’ ‘ಅವರು ಬಿಟ್ಟು ಎರಡು ವರ್ಷ ಆಯ್ತು’ ಅಂದರೆ ಆ ಸಮಿತಿ ಗೋಡೆಯ ಮೇಲೆ ಮಾತ್ರ ಇದೆ.

ಒಳಗೆ ನೀವು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ‘ಈ ಕೆಲಸದಲ್ಲಿ ನನಗಿಂತ ಮುಂಚೆ ಯಾರಿದ್ದರು? ಈಗ ಅವರು ಎಲ್ಲಿದ್ದಾರೆ?’ ಪ್ರಮೋಷನ್ ಆಯ್ತು ಅನ್ನುತ್ತಾರಾ, ಮದುವೆ ಆಯ್ತು ಬಿಟ್ಟರು ಅನ್ನುತ್ತಾರಾ, ಮುಖ ಮುಖ ನೋಡಿಕೊಳ್ಳುತ್ತಾರಾ ಎಂದು ಗಮನಿಸಿ.

ಇನ್ನು ಧರ್ಮದ ಮಾತು. ಇಲ್ಲಿ ನಿಮಗೆ ನಿಜ ಹೇಳಬೇಕು. ಹೆಣ್ಣು ಅನ್ನುವ ಕಾರಣಕ್ಕೆ ಆಗುವ ಅನ್ಯಾಯಕ್ಕೆ ಕೈಯಲ್ಲಿ ಹಿಡಿಯಲು ಕಾನೂನುಗಳಿವೆ. ಜಾತಿ, ಧರ್ಮ ನೋಡಿ ಖಾಸಗಿಯವರು ಕೆಲಸ ಕೊಡದಿದ್ದರೆ ಹಿಡಿಯಲು ಸಿಗುವುದು ತೀರಾ ಕಡಿಮೆ. ನೌಕರಿಯಲ್ಲಿ ಭೇದ ಮಾಡಬಾರದು ಎನ್ನುವ ಸಂವಿಧಾನದ 16ನೇ ವಿಧಿ ಕಟ್ಟಿಹಾಕುವುದು ಸರ್ಕಾರಿ ನೌಕರಿಯನ್ನು ಮಾತ್ರ. ಹಾಗಾಗಿ ನಿಮ್ಮ ಕಣ್ಣು ಕಿವಿಯೇ ಗತಿ. ನಮ್ಮ ಕಡೆ ಜಾತಿಯನ್ನು ಯಾರೂ ನೇರ ಕೇಳುವುದಿಲ್ಲ. ‘ಮನೆದೇವರು ಯಾವುದು?’ ಅನ್ನುತ್ತಾರೆ. ‘ನಿಮ್ಮಲ್ಲಿ ಊಟ ಹೆಂಗೆ?’ ಅನ್ನುತ್ತಾರೆ. ಇಂಥ ಮಾತು ಇಂಟರ್‌ವ್ಯೂನಲ್ಲೇ ಬಂದರೆ ಆಮೇಲೆ ಊಟದ ಟೇಬಲ್ಲಿನಲ್ಲೂ ಬರುತ್ತದೆ. ಕ್ಯಾಂಟೀನಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರಾ ಎಂದು ಒಳಗಿರುವವರನ್ನು ವಿಚಾರಿಸಿ. ಆಯುಧಪೂಜೆಗೆ ಇಡೀ ಆಫೀಸು ಸೇರುವುದು ಒಳ್ಳೆಯದೇ. ರಂಜಾನ್ ಹಬ್ಬಕ್ಕೆ ರಜೆ ಕೇಳಿದಾಗ ಮುಖ ಸಿಂಡರಿಸುತ್ತಾರಾ ಅನ್ನೋದು ಅಷ್ಟೇ ಮುಖ್ಯ.

ಮೆರಿಟ್ ಮಾತು ಎತ್ತಿದರಲ್ಲ, ಅದು ಮೈಸೂರಿಗೆ ಹೊಸದಲ್ಲ. ನೂರು ವರ್ಷದ ಹಿಂದೆ ಸಂಸ್ಥಾನದ ದೊಡ್ಡ ನೌಕರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮುದಾಯದವರ ಕೈಯಲ್ಲಿದ್ದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಯೋಗ್ಯತೆಗೆ ಪೆಟ್ಟು ಬೀಳುತ್ತದೆ ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ವಾದ. ಮಹಾರಾಜರು ಹಿಂದೆ ಸರಿಯಲಿಲ್ಲ. ಸಮಿತಿಯ ವರದಿ ಬರುವ ಮುಂಚೆಯೇ ದಿವಾನರು ಹುದ್ದೆ ಬಿಟ್ಟರು. ವಿಶ್ವೇಶ್ವರಯ್ಯನವರ ಮೇಲೆ ನನಗೆ ಅಪಾರ ಗೌರವ. ಈ ವಿಷಯದಲ್ಲಿ ಮಾತ್ರ ನಾನು ಮಹಾರಾಜರ ಕಡೆ. ಬಾಗಿಲು ಅಗಲ ಆದಮೇಲೆ ಯೋಗ್ಯತೆ ಇರುವವರು ಇನ್ನೂ ಎಷ್ಟು ಜನ ಇದ್ದರು ಅನ್ನೋದು ಈ ನಾಡಿಗೆ ಗೊತ್ತಾಯಿತು.

ಈಗ ನಿಮ್ಮ ಎರಡು ದಾರಿಗೆ ಬರೋಣ. ಹೆಬ್ಬಾಳ ದೂರ ಎಂದು ಹೆದರಿದ್ದೀರಿ. ಮಂಡ್ಯದಿಂದ ಮೈಸೂರಿಗೆ ಶಕ್ತಿ ಯೋಜನೆಯ ಬಸ್ಸಿದೆ, ದುಡ್ಡಿನ ಖರ್ಚಿಲ್ಲ. ಮೈಸೂರು ಬಸ್ ಸ್ಟ್ಯಾಂಡಿನಿಂದ ಗೇಟಿನ ತನಕ ಹೇಗೆ ಹೋಗೋದು, ಸಂಜೆ ಕತ್ತಲಾದರೆ ಕಂಪನಿ ವಾಹನ ಕೊಡುತ್ತದಾ, ಅದನ್ನು ಮೊದಲೇ ಕೇಳಿ. 50 ಅಥವಾ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಎಂದು ಕಾನೂನಿದೆ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ನಮ್ಮ ಗ್ರಾಮ ಪಂಚಾಯಿತಿಗಳೇ ಕೂಲಿ ತಾಯಂದಿರಿಗೆ ಕೂಸಿನ ಮನೆ ನಡೆಸುತ್ತಿರುವಾಗ, ದೊಡ್ಡ ಕಂಪನಿ ‘ಜಾಗ ಇಲ್ಲ’ ಅಂದರೆ ಒಪ್ಪಬೇಡಿ. 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಆದೇಶ ಮಾಡಿದೆ. ಅದನ್ನು ಹೆಂಗಸರು ನಿಜವಾಗಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಗೇಟಿನ ಹತ್ತಿರ ಕೇಳಿ, ಹೆಚ್.ಆರ್. ಹತ್ತಿರ ಬೇಡ.

ಆಡಿಟರ್ ಆಫೀಸು ಮಾಲೀಕರು ಒಳ್ಳೆಯವರು, ನಿಮ್ಮ ವಸ್ತ್ರದ ಬಗ್ಗೆ ಒಂದು ಮಾತೂ ಆಡಲಿಲ್ಲ ಎಂದು ಬರೆದಿದ್ದೀರಿ. ಅದು ದೊಡ್ಡದು. ಆದರೆ ಎಂಟು ಜನರ ಆಫೀಸಿಗೆ 26 ವಾರದ ಹೆರಿಗೆ ರಜೆಯ ಕಾನೂನು ಅನ್ವಯಿಸುವುದಿಲ್ಲ, ಅದು 10 ಜನರಿಂದ ಶುರು. ಆಂತರಿಕ ಸಮಿತಿಯೂ ಇರುವುದಿಲ್ಲ. ತೊಂದರೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಅಂದರೆ ಅಲ್ಲಿ ಎಲ್ಲವೂ ಮಾಲೀಕರ ಮನಸ್ಸಿನ ಮೇಲೆ ನಿಂತಿದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಹೆಬ್ಬಾಳದ ಕಂಪನಿಯ ಗೇಟಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ಸಿಕ್ಕ ಉತ್ತರಗಳು ಸರಿ ಕಂಡರೆ ಅದನ್ನೇ ಹಿಡಿಯುತ್ತಿದ್ದೆ, ಕಾನೂನಿನ ಬಲ ಇರುವ ಜಾಗ ಎಂಬ ಕಾರಣಕ್ಕೆ. ಇಲ್ಲವಾದರೆ ಆಡಿಟರ್ ಹತ್ತಿರವೇ ಸೇರಿ. ಸೇರುವ ಮುಂಚೆ ರಜೆ, ಸಂಬಳ, ಹೊತ್ತು, ಹೆರಿಗೆಗೆ ಹೋದರೆ ಕೆಲಸ ಉಳಿಯುತ್ತದೆ ಎಂಬ ಮಾತು, ಇಷ್ಟನ್ನೂ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ. ಒಳ್ಳೆಯ ಮಾಲೀಕರಾದರೆ ಬರೆದುಕೊಡಲು ಹಿಂಜರಿಯುವುದಿಲ್ಲ.

- ಸಂಪಾದಕ