ಬರೆದಿಟ್ಟುಕೊಳ್ಳಿ ಎಂದೆ

ಖಾತೆ ಕಳೆದುಕೊಂಡು ನಿದ್ದೆಗೆಟ್ಟು ಬರುವವರಲ್ಲಿ ಹೆಚ್ಚಿನವರು, ಪಾಸ್‌ವರ್ಡ್ ಬಗ್ಗೆ ಯಾರೋ ಎಂದೋ ಹೇಳಿದ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದವರು. ಇದೇ ಮತ್ತೆ ಮತ್ತೆ ಕಾಣುತ್ತಿರುವುದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬಂದವರು ಐವತ್ತರ ಆಸುಪಾಸಿನ ಮಹಿಳೆ, ಲೆಕ್ಕಪತ್ರದ ಕೆಲಸ. ಇಮೇಲ್ ಖಾತೆ ಬೇರೆಯವರ ಕೈಸೇರಿ, ಅವರ ಹೆಸರಿನಲ್ಲಿ ಪರಿಚಿತರಿಗೆಲ್ಲ ಹಣ ಕೇಳುವ ಸಂದೇಶ ಹೋಗಿತ್ತು. ಖಾತೆ ವಾಪಸ್ ಸಿಕ್ಕಿ ತಿಂಗಳಾದರೂ ರಾತ್ರಿ ಎದ್ದೆದ್ದು ಫೋನ್ ನೋಡುವುದು ನಿಂತಿರಲಿಲ್ಲ. "ಅಷ್ಟೂ ತಿಳೀಲಿಲ್ವಾ ನನಗೆ" ಎಂದು ಮೊದಲ ಭೇಟಿಯಲ್ಲೇ ಮೂರು ಸಲ ಹೇಳಿದರು.

ಎರಡನೇ ಭೇಟಿಯಲ್ಲಿ ಕೇಳಿದೆ: "ಹಳೆಯ ಪಾಸ್‌ವರ್ಡ್ ಏನಂತ ಹೇಳಬೇಡಿ, ಅದನ್ನ ಹೇಗೆ ಕಟ್ಟಿದ್ರಿ ಅಂತ ಮಾತ್ರ ಹೇಳಿ." ಮಗಳ ಹೆಸರು, ಅದರ ಮೊದಲ ಅಕ್ಷರ ದೊಡ್ಡದು, ಆಮೇಲೆ ಒಂದು ಚಿಹ್ನೆ, ಕೊನೆಗೆ ಹುಟ್ಟಿದ ಇಸವಿ. ಹದಿನೇಳು ಕಡೆ ಅದೇ. ಬದಲಿಸಿ ಎಂದು ಒತ್ತಾಯ ಬಂದಲ್ಲಿ ತುದಿಗೆ 1, ಮುಂದಿನ ಸಲ 2. ಎಲ್ಲ ಕಡೆ ಒಂದೇ ಯಾಕೆ ಎಂದೆ.

"ಬರೆದಿಡಬಾರದು ಅಂತಾರಲ್ಲ ಮೇಡಂ. ತಲೇಲಿ ಎಷ್ಟು ಅಂತ ಇಟ್ಕೊಳ್ಳಲಿ?"

ಇಡೀ ಪ್ರಕರಣ ಈ ಮಾತಿನಲ್ಲಿದೆ. ಅವರ ಪಾಸ್‌ವರ್ಡನ್ನು ದುರ್ಬಲ ಮಾಡಿದ್ದು ಮರೆತುಹೋದೀತೆಂಬ ಭಯ. ಹಿಂದೆಂದೋ ನೋಂದಾಯಿಸಿಕೊಂಡು ಮರೆತ ಒಂದು ಚಿಕ್ಕ ತಾಣದಿಂದ ಅವರ ಇಮೇಲ್ ವಿಳಾಸ, ಪಾಸ್‌ವರ್ಡ್ ಎರಡೂ ಸೋರಿದ್ದವು. ವಿಳಾಸ ಹಾಕಿದರೆ ಇಂಥ ಸೋರಿಕೆಗಳನ್ನು ತೋರಿಸುವ 'ಹ್ಯಾವ್ ಐ ಬೀನ್ ಪೋನ್ಡ್' ತಾಣದಲ್ಲಿ ಅದು ನಮ್ಮೆದುರೇ ಕಂಡಿತು. ಸೋರಿದ ಜೋಡಿಯನ್ನು ಯಂತ್ರಗಳು ಬೇರೆ ತಾಣಗಳ ಬಾಗಿಲಿಗೂ ಹಾಕಿ ನೋಡುತ್ತವೆ. ಊಹಿಸುವ ಕೆಲಸವೇ ಇಲ್ಲ. ಊಹಿಸಬೇಕಾಗಿ ಬಂದಿದ್ದರೂ ಕಷ್ಟವಿರಲಿಲ್ಲ: ಸಾವಿರ ಹೆಸರು, ನೂರು ಇಸವಿ, ಹತ್ತು ಚಿಹ್ನೆ, ಗುಣಿಸಿದರೆ ಹತ್ತೇ ಲಕ್ಷ. ಲೆಕ್ಕ ಬಲ್ಲ ಅವರಿಗೆ ಇದು ಥಟ್ಟನೆ ಹೊಳೆಯಿತು.

"ಬರೆದಿಟ್ಟುಕೊಳ್ಳಿ" ಎಂದೆ. ಈ ಸಲಹೆಗೆ ಆಕ್ಷೇಪ ಬರುತ್ತದೆಂದು ಗೊತ್ತು. ಆದರೆ ದೂರದಲ್ಲಿ ಕೂತು ಲಕ್ಷಾಂತರ ಖಾತೆಗಳನ್ನು ತಡಕುವವನ ಕೈ ಇವರ ಬೀರುವಿನ ಕಾಗದಕ್ಕೆ ಎಟಕುವುದಿಲ್ಲ. ಆಗಾಗ ಬದಲಿಸಲೇಬೇಕು, ಅಕ್ಷರ ಅಂಕಿ ಚಿಹ್ನೆ ಬೆರೆಸಲೇಬೇಕು ಎಂಬ ಹಳೆಯ ಒತ್ತಾಯವನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿದೆ. ಸೋರಿದ ಸುಳಿವು ಸಿಕ್ಕಾಗ ಬದಲಿಸಿ, ಉದ್ದಕ್ಕೆ ಬೆಲೆ ಕೊಡಿ ಎನ್ನುತ್ತದೆ ಅದು. ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಮನೆಯೊಳಗಿನವರೇ ಫೋನ್ ತಡಕುತ್ತಾರೆಂಬ ಭಯ ಇರುವವರಿಗೆ ನಾನು ಕಾಗದದ ಸಲಹೆ ಕೊಡುವುದಿಲ್ಲ. ಅವರ ದಾರಿಯೇ ಬೇರೆ.

ಮೇಜಿನ ಮೇಲೆ ಐದು ದಾಳ, 7,776 ಪದಗಳ ಒಂದು ಪಟ್ಟಿ ಇಟ್ಟೆ. ಐದು ದಾಳ ಉರುಳಿಸಿ ಎಡದಿಂದ ಬಲಕ್ಕೆ ಓದಿದರೆ ಐದಂಕಿಯ ಸಂಖ್ಯೆ. ಆ ಸಂಖ್ಯೆಯ ಎದುರಿನ ಪದ ನಮ್ಮದು. ಹೀಗೆ ಆರು ಸಲ. ಮೂರನೇ ಪದ ಅವರಿಗೆ ಹಿಡಿಸಲಿಲ್ಲ, ಇನ್ನೊಮ್ಮೆ ಉರುಳಿಸುತ್ತೇನೆಂದು ಕೈ ಹಾಕಿದರು. ತಡೆದೆ. ಇಷ್ಟವಾಗುವವರೆಗೆ ಉರುಳಿಸುತ್ತ ಹೋದರೆ ಆರಿಸುವುದು ಮತ್ತೆ ನಮ್ಮ ಮನಸ್ಸೇ, ಆ ಮನಸ್ಸು ಮಗಳ ಹೆಸರಿನ ಕಡೆಗೇ ವಾಲುತ್ತದೆ. "ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ ಇವಕ್ಕೆ" ಎಂದರು. ಸಂಬಂಧ ಇಲ್ಲದಿರುವುದೇ ಅದರ ಬಲ: ಆರು ಪದಗಳಿಗೆ ಆಗಬಹುದಾದ ಜೋಡಣೆಗಳ ಸಂಖ್ಯೆ ಬರೆದರೆ 24 ಅಂಕಿ. ಪದಗಳನ್ನು ಅವರೇ ಕಾಗದಕ್ಕೆ ಇಳಿಸಿಕೊಂಡರು, ನಾನು ಓದಲಿಲ್ಲ.

ಈ ಆರು ಪದ ಪಾಸ್‌ವರ್ಡ್ ಮ್ಯಾನೇಜರ್‌ನ, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಬೀಗದೊಳಗೆ ಕಾಪಿಡುವ ಆಪ್‌ನ, ಬೀಗಕ್ಕೆ. ಉಳಿದ ಖಾತೆಗಳಿಗೆ ಮ್ಯಾನೇಜರ್ ತಾನೇ ಸೃಷ್ಟಿಸುವ 20 ಅಕ್ಷರಗಳು, ಒಂದೊಂದಕ್ಕೂ ಬೇರೆ ಬೇರೆ. ಅವನ್ನು ನೆನಪಿಡುವ ಗೋಜೇ ಇಲ್ಲ. ಕಾಗದದಲ್ಲಿ ಪದಗಳಷ್ಟೇ ಇರಲಿ, ಅವು ಯಾವುದರ ಬೀಗ ಎಂಬುದು ಬೇಡ. ಅದು ಮುಖ್ಯ ದಾಖಲೆಗಳ ಜೊತೆ ಇರಲಿ. ಪರ್ಸಿನಲ್ಲಿ ಬೇಡ, ಫೋನಿನಲ್ಲಿ ಫೋಟೋ ತೆಗೆದು ಇಡುವುದಂತೂ ಬೇಡವೇ ಬೇಡ.

ಮೊದಲ ಕೆಲಸ ಇಮೇಲ್ ಎಂದೆ, ಉಳಿದೆಲ್ಲ ಖಾತೆಗಳ 'ಪಾಸ್‌ವರ್ಡ್ ಮರೆತಿರಾ' ಕೊಂಡಿ ಬರುವುದು ಅಲ್ಲಿಗೇ. ಬರೀ ಪಾಸ್‌ವರ್ಡ್ ಬದಲಿಸಿ ನಿಲ್ಲುವವರು ಎಡವುವುದೂ ಇಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ನೋಡಿದೆವು. ಅಪರಿಚಿತ ವಿಳಾಸವೊಂದು ಇನ್ನೂ ಅಲ್ಲೇ ಕೂತಿತ್ತು. ಬರುವ ಪ್ರತಿ ಪತ್ರದ ನಕಲು ತಿಂಗಳಿನಿಂದ ಅಲ್ಲಿಗೆ ಹೋಗುತ್ತಿತ್ತು. ಅವರು ಮಾತಿಲ್ಲದೆ ಅದನ್ನು ಅಳಿಸಿದರು. ಆಮೇಲೆ ರಿಕವರಿ ಫೋನ್ ನಂಬರ್ ತಮ್ಮದೇ ಎಂದು ನೋಡಿಕೊಂಡು, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡಿನ ಮೇಲೆ ಇನ್ನೊಂದು ಸಂಕೇತವನ್ನೂ ಕೇಳುವ ಎರಡು ಹಂತದ ದೃಢೀಕರಣ ಹಾಕಿದರು. ಅದಕ್ಕೆ 30 ಸೆಕೆಂಡಿಗೊಮ್ಮೆ ಆರಂಕಿ ಬದಲಿಸುವ ಆಪ್ ಒಳ್ಳೆಯದು. ಎಸ್‌ಎಂಎಸ್ ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ನಂಬರನ್ನೇ ಬೇರೆ ಸಿಮ್‌ಗೆ ಎಗರಿಸುವವರಿದ್ದಾರೆ. ಆಪ್ ಹಾಕುವಾಗ ಕೊಡುವ ಬ್ಯಾಕಪ್ ಕೋಡ್‌ಗಳನ್ನೂ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಫೋನ್ ಕಳೆದ ದಿನ ಖಾತೆಯೂ ಹೋದಂತೆ. 'ನಿಮ್ಮ ಮೊದಲ ಶಾಲೆ ಯಾವುದು' ಎಂಬಂಥ ಪ್ರಶ್ನೆಗಳಿಗೆ ನಿಜ ಹೇಳಬೇಡಿ ಎಂದೆ. ಮ್ಯಾನೇಜರ್ ಕೊಟ್ಟ ಅಕ್ಷರಗಳನ್ನೇ ಹಾಕಿ, ಅಲ್ಲೇ ಉಳಿಸಿದರು.

ನಾಚಿಕೆಯ ಬಗ್ಗೆ ಅವರಿಗೆ ಉಪದೇಶ ಮಾಡಲಿಲ್ಲ. ಆ ವಿಳಾಸವನ್ನು ತಾವೇ ಕಂಡು ಅಳಿಸಿದ್ದು ನನ್ನ ಯಾವ ಮಾತಿಗಿಂತಲೂ ಹೆಚ್ಚಿನ ಕೆಲಸ ಮಾಡಿತು.

ಎರಡು ವಾರ ಬಿಟ್ಟು ಬಂದಾಗ ಆರು ಪದಗಳನ್ನು ಕಾಗದ ನೋಡದೇ ಟೈಪ್ ಮಾಡುತ್ತಿದ್ದರು. ದಿನಕ್ಕೊಮ್ಮೆ ಟೈಪ್ ಮಾಡಿದ್ದರಿಂದ ಬೆರಳಿಗೇ ರೂಢಿಯಾಗಿತ್ತಂತೆ. ರಾತ್ರಿ ಏಳುವುದು ಪೂರ್ತಿ ನಿಂತಿಲ್ಲ, ವಾರಕ್ಕೆ ಎರಡು ಸಲಕ್ಕೆ ಇಳಿದಿದೆ. ಹದಿನೇಳರಲ್ಲಿ ಹನ್ನೆರಡು ಖಾತೆ ಮುಗಿದಿದ್ದವು. ಉಳಿದ ಐದನ್ನು ಎಷ್ಟೋ ಕಾಲದಿಂದ ತೆರೆದೇ ಇಲ್ಲ ಎಂದರು. ಅವಕ್ಕೆ ಹೊಸ ಪಾಸ್‌ವರ್ಡ್ ಯಾಕೆ, ಖಾತೆಗಳನ್ನೇ ಅಳಿಸಿಬಿಡಿ ಎಂದೆ.